ಅಕ್ಕಿಯಲ್ಲಿ ಬರೆದ ಹೆಸರು

ಕಂಪ್ಯೂಟರ್ ಕಲಿಸುವುದು ನನ್ನ ಹೊಟ್ಟೆಪಾಡು. ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ಕೆಳಗೆ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ, ಮೇಲೆ ನಮ್ಮ ತರಬೇತಿ ಕೇಂದ್ರ. ಕೆಳಗೆ ಯಾರಾದರೂ ಸುತ್ತಿಗೆ ಬಡಿದರೆ ಮೇಲೆ ನಮ್ಮ ಟೇಬಲ್ಲುಗಳು ನಡುಗುತ್ತವೆ. ಬರುವವರಿಗೆಲ್ಲ ಬೇಕಾಗಿರುವುದು ನೌಕರಿ, ಬ್ಯಾಚ್ ಸ್ಕ್ರಿಪ್ಟ್ ಅಲ್ಲ. ಆದರೂ ಪಠ್ಯದಲ್ಲಿದೆ ಎಂದು ಕಲಿಸುತ್ತೇನೆ. ಕಪ್ಪು ಪರದೆ ಒಂದು ಹೆಸರು ಕೇಳುತ್ತದೆ. ಕೂತವರು ಹೊಡೆದ ಹೆಸರನ್ನು ಪಕ್ಕದಲ್ಲಿಟ್ಟ ಟೆಕ್ಸ್ಟ್ ಫೈಲಿನಲ್ಲಿ ಸಾಲು ಸಾಲಾಗಿ ಹುಡುಕುತ್ತದೆ. ಸಿಕ್ಕರೆ ಬನ್ನಿ ಅನ್ನುತ್ತದೆ, ಸಿಗದಿದ್ದರೆ ಇಲ್ಲ ಅನ್ನುತ್ತದೆ. ನಾಲ್ಕಾರು ಸಾಲಿನ ಕೆಲಸ. ಇಂಥ ಚಿಲ್ಲರೆ ಕೆಲಸದ ಮೇಲೆ ನನಗೆ ಸಿಟ್ಟು ಬಂದೀತೆಂದು ನಾನು ಯಾವತ್ತೂ ಅಂದುಕೊಂಡಿರಲಿಲ್ಲ. ಈಗ ಆ ಪಾಠ ಬಂದ ದಿನ ನನ್ನ ದನಿ ಗಡುಸಾಗುತ್ತದೆ, ಕೂತವರು ಮುಖ ಮುಖ ನೋಡಿಕೊಳ್ಳುತ್ತಾರೆ.

ಆ ವರ್ಷ ಅವ್ವನ ನಾಲಿಗೆಯ ಅಂಚಿಗೆ ಒಂದು ಹುಣ್ಣಾಯಿತು. ಅವಳು ಬಬಲೇಶ್ವರದಲ್ಲಿ ನನ್ನ ತಮ್ಮನ ಸಂಸಾರದ ಜೊತೆ ಇರುತ್ತಾಳೆ. ಸುಟ್ಟ ತಂಬಾಕಿನ ಪುಡಿಯಿಂದ ಹಲ್ಲುಜ್ಜುವ ಚಟ ಓಣಿಯ ಅರ್ಧ ಹೆಂಗಸರಿಗಿದೆ, ಅವ್ವನಿಗೂ ಇತ್ತು. ಉರಿಯುತ್ತದೆ ಎಂದು ಮೊದಲು ಖಾರದ ಚಟ್ನಿ ಬಿಟ್ಟಳು, ಆಮೇಲೆ ರೊಟ್ಟಿ ಬಿಟ್ಟಳು, ಆಮೇಲೆ ನಾವು ಕಣ್ಣು ಬಿಟ್ಟೆವು. ವಿಜಯಪುರದ ಡಾಕ್ಟರು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬಂದ ಮೇಲೆ ನನ್ನನ್ನೂ ಅವಳನ್ನೂ ಎದುರಿಗೆ ಕೂರಿಸಿಕೊಂಡು, ನಾಲಿಗೆಯ ಒಂದು ಭಾಗ ತೆಗೆಯಲೇಬೇಕು, ಬೇಗ ತೆಗೆದರೆ ಜೀವಕ್ಕೆ ಭಯವಿಲ್ಲ, ಆದರೆ ಮಾತು ಮೊದಲಿನಂತೆ ಬರುವುದು ಕಷ್ಟ ಎಂದರು.

ಅವ್ವ ಎಂಥ ಮಾತುಗಾರ್ತಿ ಎಂದರೆ, ಬಬಲೇಶ್ವರದ ಸಂತೆಗೆ ಹೋದರೆ ಬದನೆಕಾಯಿಗಿಂತ ಸುದ್ದಿಯನ್ನೇ ಹೆಚ್ಚು ಕಟ್ಟಿಕೊಂಡು ಬರುವವಳು. ಅಪ್ಪ ಬದುಕಿದ್ದಾಗ, ಇವಳ ಬಾಯಿಗೆ ಬೀಗ ಮಾಡುವ ಕಮ್ಮಾರ ಇನ್ನೂ ಹುಟ್ಟಿಲ್ಲ ಎಂದು ಅಣಕಿಸುತ್ತಿದ್ದ. ಅಂಥವಳು ಡಾಕ್ಟರ ಮುಂದೆ ತುಟಿ ಬಿಚ್ಚಲಿಲ್ಲ. ಹೊರಗೆ ಬಂದು ಆಟೋ ಹತ್ತಿದ ಮೇಲೆ, ಆಪರೇಶನ್ನಿಗೆ ಎಷ್ಟು ದಿನ ತಡೆಯಬಹುದು ಎಂದು ಕೇಳಿದಳು. ಜಾಸ್ತಿ ತಡೆಯುವ ಹಾಗಿಲ್ಲ ಎಂದೆ. ತಿಕೋಟಾದ ಕಾರ್ಯಕ್ರಮ ಮುಗಿಯುವವರೆಗಾದರೂ ತಡೆಯಬೇಕು ಎಂದಳು. ಅದರ ಮರುವಾರಕ್ಕೆ ಡಾಕ್ಟರು ಒಪ್ಪಿದರು.

ತಿಕೋಟಾ ಅವ್ವನ ತವರು. ಈಗೀಗ ನಮ್ಮ ಕಡೆ ಊರೂರಿಗೆ ಗುರುವಂದನೆಯ ಹುಚ್ಚು ಹಿಡಿದಿದೆ. ಎಂದೋ ಕೂಡಿ ಕಲಿತವರು ತಲೆ ಹಣ್ಣಾದ ಮೇಲೆ ಒಂದೆಡೆ ಸೇರಿ, ಬದುಕುಳಿದ ಗುರುಗಳಿಗೆ ಶಾಲು ಹೊದಿಸಿ, ಹುಗ್ಗಿ ಉಂಡು ಹೋಗುವ ಕಾರ್ಯಕ್ರಮ. ಅವ್ವನ ಜೊತೆ ಏಳನೆಯ ಇಯತ್ತೆ ಕಲಿತವರೂ ಅದನ್ನು ಇಟ್ಟುಕೊಂಡಿದ್ದರು. ಮೊದಲು ಕರೆ ಬಂದಾಗ ಅವ್ವ, ಕನ್ನಡಿ ನೋಡಿದರೆ ಸಾಕು, ಮುದುಕರನ್ನು ನೋಡಲು ಅಷ್ಟು ದೂರ ಯಾಕೆ ಹೋಗಬೇಕು ಎಂದು ನಕ್ಕಿದ್ದಳು. ಈಗ ಹೋಗಲೇಬೇಕು ಎಂದು ಹಟ ಹಿಡಿದಳು. ಕಾರಣ ಒಬ್ಬ ಗೆಳತಿ, ಪೇಪರಿನಲ್ಲಿ ಬಂದ ಸುದ್ದಿ ನೋಡಿ ಅವಳೂ ಬಂದಾಳೆಂಬ ಆಸೆ.

ಆ ಗೆಳತಿ ದನದ ದವಾಖಾನೆಯ ಕಂಪೌಂಡರನ ಮಗಳು. ಅಪ್ಪನಿಗೆ ತಿಕೋಟಾಕ್ಕೆ ಬದಲಿಯಾದಾಗ ಊರಿಗೆ ಬಂದವಳು, ಏಳನೆಯ ಇಯತ್ತೆ ಮುಗಿಯುವವರೆಗೂ ಅವ್ವನ ಪಕ್ಕ ಬಿಟ್ಟು ಕೂರಲಿಲ್ಲವಂತೆ. ಮುಂದೆ ಎರಡು ಮೂರು ವರ್ಷಕ್ಕೆ ಒಂದೇ ಬೇಸಿಗೆಯಲ್ಲಿ ಇಬ್ಬರ ಮದುವೆಯೂ ಆಯಿತು. ಅವ್ವನದು ಮೊದಲು. ಹೊಸ ಸೊಸೆಯನ್ನು ಗೆಳತಿಯ ಮದುವೆಗೆಂದು ಯಾರು ಕಳಿಸುತ್ತಾರೆ, ನಮ್ಮ ಅಜ್ಜಿ ಕಳಿಸಲಿಲ್ಲ. ಗೆಳತಿಯನ್ನು ಸೊಲ್ಲಾಪುರದ ಕಡೆಗೆ ಕೊಟ್ಟರು ಎಂಬುದಷ್ಟೇ ಸುದ್ದಿ. ಆಮೇಲೆ ಕಂಪೌಂಡರನಿಗೆ ಮತ್ತೆ ಬದಲಿಯಾಯಿತು, ಆ ಮನೆಯವರ ಗುರುತು ಹೇಳುವವರೂ ಊರಿನಲ್ಲಿ ಉಳಿಯಲಿಲ್ಲ.

ನಮ್ಮಂಥ ಮನೆಗಳಲ್ಲಿ ಒಂದು ಪದ್ಧತಿ ಇದೆ. ಮದುವೆಯಾಗಿ ಬಂದ ಸೊಸೆಯ ಮುಂದೆ ತಾಟಿನಲ್ಲಿ ಅಕ್ಕಿ ಹರವುತ್ತಾರೆ, ಗಂಡ ಉಂಗುರದ ತುದಿಯಿಂದ ಅದರಲ್ಲಿ ಹೊಸ ಹೆಸರು ಬರೆಯುತ್ತಾನೆ. ಅಂದಿನಿಂದ ಅವಳು ಆ ಹೆಸರಿನವಳು. ನನ್ನ ಮದುವೆಯಲ್ಲೂ ಬರೆದರು, ಆದರೆ ನನ್ನ ಆಧಾರ್ ಕಾರ್ಡು, ಮಾರ್ಕ್ಸ್ ಕಾರ್ಡು, ಬ್ಯಾಂಕಿನ ಪುಸ್ತಕ ಎಲ್ಲವೂ ಸೇರಿ ಆ ಹೆಸರನ್ನು ವಾರದೊಳಗೆ ಓಡಿಸಿಬಿಟ್ಟವು. ಅವ್ವನ ಕಾಲದ ಹೆಂಗಸರ ಬಳಿ ಅಂಥ ಕಾಗದಗಳಿರಲಿಲ್ಲ. ಮುಂದೆ ಬಂದ ರೇಶನ್ ಕಾರ್ಡು, ಓಟಿನ ಚೀಟಿ ಎಲ್ಲದರ ಮೇಲೂ ಅಕ್ಕಿಯ ಹೆಸರೇ ಕೂತಿತು. ಶಾಲೆಯಲ್ಲಿ ಹಾಜರಿ ಕರೆದ ಹೆಸರು ಶಾಲೆಯಲ್ಲೇ ಉಳಿಯಿತು.

ಅಷ್ಟು ಹಟ ಯಾಕೆ, ಅವಳು ಸಿಕ್ಕರೆ ಏನು ಮಾತಾಡುತ್ತೀ ಎಂದು ನಾನು ಒಂದು ದಿನ ಕೇಳಿದೆ. ಅವ್ವ ನೋಯುವ ಬದಿಯನ್ನು ಬಿಟ್ಟು ಮೆಲ್ಲಗೆ ಹೇಳಿದಳು.

"ನನ್ನ ಹೆಸರ ಹಿಡದು ಕರಿಯಾವ್ರು ಯಾರ ಉಳದಾರ ಹೇಳು. ಅಪ್ಪ ಅವ್ವ ಹ್ವಾದ್ರು. ತಮ್ಮಗೋಳು ಅಕ್ಕ ಅಂತಾವ, ನೀವು ಯವ್ವ ಅಂತೀರಿ. ಈ ಮನ್ಯಾಗ ನಂದು ಬ್ಯಾರೇನ ಹೆಸರು. ಅಕಿ ಒಬ್ಬಾಕಿನ ಉಳದಾಳ. ನಾಲಿಗಿ ಇರೂತನಾ ಒಂದ ಸಲ ಅಕಿ ಕರೀಬೇಕು, ನಾ ಓ ಅನಬೇಕು."

ಕಂಪ್ಯೂಟರ್ ಕಲಿತ ಮಗಳಿದ್ದಾಳೆ, ಜಗತ್ತೆಲ್ಲ ಅಂಗೈಯಲ್ಲಿದೆ ಎಂದು ದಿನಾ ಬೀಗುವವಳು ನಾನು, ಒಬ್ಬ ಹೆಂಗಸನ್ನು ಹುಡುಕಿಕೊಡಲಾರೆನೆ ಎಂದುಕೊಂಡೆ. ಹುಡುಕಲು ಅವಳ ಈಗಿನ ಹೆಸರು ಬೇಕಿತ್ತು. ಅದನ್ನು ಬರೆದ ಅಕ್ಕಿಯನ್ನು ಯಾರ ಮನೆಯಲ್ಲೋ ಎಂದೋ ಅನ್ನ ಮಾಡಿ ಉಂಡಿದ್ದರು.

ಕಾರ್ಯಕ್ರಮದ ಅಧ್ಯಕ್ಷರು ಅವ್ವನ ಜೊತೆ ಕಲಿತವರು, ದ್ರಾಕ್ಷಿ ತೋಟದವರು. ಪಕ್ಕದೂರಿನಲ್ಲಿ ಇಂಥದೇ ಗುರುವಂದನೆಗೆ ಸಂಬಂಧವಿಲ್ಲದವರೆಲ್ಲ ನುಗ್ಗಿ, ಉಂಡು, ಸ್ಮರಣಿಕೆಯನ್ನೂ ಎತ್ತಿಕೊಂಡು ಹೋಗಿದ್ದರಂತೆ. ತಮ್ಮಲ್ಲಿ ಹಾಗಾಗಬಾರದು, ಬಾಗಿಲಲ್ಲಿ ಕಂಪ್ಯೂಟರಿನಿಂದ ತಪಾಸಣೆ ಆಗಬೇಕು, ಹೆಸರಿದ್ದವರಿಗೆ ಮಾತ್ರ ಎದೆಗೆ ಸಿಕ್ಕಿಸುವ ಬಿಲ್ಲೆ ಕೊಡಬೇಕು ಎಂದು ಅವರ ಹಟ. ಅವ್ವನ ಮಗಳು ಅದೇ ಕೆಲಸದವಳು ಎಂದು ನನಗೇ ಗಂಟು ಹಾಕಿದರು. ಕಾಗದದ ಮೇಲೆ ಟಿಕ್ ಹಾಕಿದರೆ ಆಗುತ್ತದೆ ಕಾಕಾ ಎಂದು ಹೇಳಿ ನೋಡಿದೆ. ಕಾಗದವಾದರೆ ಮಂದಿ ಹೆದರುವುದಿಲ್ಲ ಎಂದರು. ಅದು ನಿಜ.

ಶಾಲೆಯವರು ಕೊಟ್ಟದ್ದು ಒಂದು ಹಳೆಯ ಲ್ಯಾಪ್‌ಟಾಪು, ಇಂಟರ್ನೆಟ್ಟಿಲ್ಲ, ಹೊಸದೇನು ಹಾಕಿದರೂ ಉಸಿರು ಕಟ್ಟಿ ಕೂರುವಂಥದು. ಅದಕ್ಕೆ ಬ್ಯಾಚ್ ಸ್ಕ್ರಿಪ್ಟೇ ಸರಿ ಎಂದುಕೊಂಡೆ. ದಾಖಲಾತಿ ಪುಸ್ತಕ ತೆಗೆಸಿ ಆ ವರ್ಗದ ಹೆಸರುಗಳನ್ನೆಲ್ಲ ಒಂದು ಫೈಲಿಗೆ ಹೊಡೆದೆ, ಸಾಲಿಗೊಂದು ಹೆಸರು. ಕಪ್ಪು ಪರದೆಯಲ್ಲಿ ಕನ್ನಡ ಅಕ್ಷರ ಹೊಡೆದರೆ ಬರೀ ಚೌಕಗಳು ಮೂಡುತ್ತಿದ್ದವು, ಹಾಗಾಗಿ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆದೆ. ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆಂದು, ಹೊಡೆದ ಹೆಸರಿನ ಮೊದಲ ಮೂರು ಅಕ್ಷರ ಹೊಂದಿದರೆ ಸಾಕು, ಅವುಗಳಿಂದ ಶುರುವಾಗುವ ಸಾಲುಗಳೆಲ್ಲ ಬರುವಂತೆ ಮಾಡಿದೆ.

ಗಂಡಸರ ಹೆಸರುಗಳ ಕಾಟ ಅಷ್ಟಕ್ಕೆ ಮುಗಿಯಿತು. ಹೆಣ್ಣುಮಕ್ಕಳದು ಹಾಗಲ್ಲ. ಪುಸ್ತಕದಲ್ಲಿದ್ದದ್ದು ತವರಿನ ಹೆಸರು, ಬರುವವರು ಹೇಳುವುದು ಅಕ್ಕಿಯ ಹೆಸರು. ಅದಕ್ಕೆ ಅವ್ವನನ್ನು ಮುಂದೆ ಕೂರಿಸಿಕೊಂಡು, ಅವರವರ ಅಣ್ಣತಮ್ಮಂದಿರಿಗೆ ಫೋನು ಹಚ್ಚಿ, ಎರಡನೆಯ ಹೆಸರುಗಳನ್ನು ಕೂಡಿಸಿದೆ. ಒಬ್ಬ ತಮ್ಮನಿಗೆ ತನ್ನ ಅಕ್ಕನ ಈಗಿನ ಹೆಸರು ನೆನಪಾಗದೆ, ಅಕ್ಕ ಅಂದರೆ ಅಕ್ಕ ನೋಡ್ರಿ ಎಂದು ಜಗಳಕ್ಕೇ ಬಂದ. ಕಡೆಗೆ ಪ್ರತಿ ಹೆಣ್ಣಿಗೂ ಎರಡು ಸಾಲು ಮಾಡಿದೆ. ಕಂಪೌಂಡರನ ಮಗಳಿಗೆ ಮಾತ್ರ ಒಂದೇ ಸಾಲು ಉಳಿಯಿತು. ಹೆಸರು ಸಿಗದಿದ್ದರೆ ಪರದೆಯ ಮೇಲೆ ಎರಡು ಮಾತು ಬರುವಂತೆ ಬರೆದೆ. ಮೇಲೆ, ಹೆಸರಿಲ್ಲ. ಅದರ ಕೆಳಗೆ, ಹೆಣ್ಣುಮಕ್ಕಳಿಗೆ ತವರಿನ ಹೆಸರು ಕೇಳಿರಿ. ಅವಳಿಗೋಸ್ಕರವೇ ಬರೆದ ಸಾಲು ಅದು.

ಹಿಂದಿನ ದಿನ ಅಧ್ಯಕ್ಷರು ಪರೀಕ್ಷೆ ಮಾಡಲು ಬಂದರು. ಏನೂ ಹೊಡೆಯದೆ ಸುಮ್ಮನೆ ಎಂಟರ್ ಒತ್ತಿದರು. ಬನ್ನಿ ಎಂದಿತು. ತಾನು ಯಾರೆಂದು ಅದಕ್ಕೇ ಗೊತ್ತಾಯಿತು ಎಂದು ಅವರು ಹಿಗ್ಗಿ ಹೀರೇಕಾಯಿಯಾದರು. ನನಗೆ ನಗು. ಖಾಲಿ ಒತ್ತಿದರೆ ಮೊದಲು ಹೊಡೆದವರ ಹೆಸರೇ ಅದರ ತಲೆಯಲ್ಲಿ ಉಳಿದಿರುತ್ತದೆ, ಪ್ರತಿ ಸಲ ಕೇಳುವ ಮುಂಚೆ ಹಿಂದಿನ ಹೆಸರನ್ನು ಅಳಿಸಬೇಕು. ಆ ಸಾಲು ಸೇರಿಸುವುದನ್ನು ಮರೆತಿದ್ದೆ. ಅಳಿಸುವ ವಿಷಯದಲ್ಲಿ ನಮ್ಮ ಹಿರಿಯರು ನನಗಿಂತ ಜಾಣರಿದ್ದರು, ಅವರು ಯಾವತ್ತೂ ಮರೆಯಲಿಲ್ಲ.

ಕಾರ್ಯಕ್ರಮದ ದಿನ ಬೆಳಿಗ್ಗೆಯೇ ಅವ್ವನನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಹೋದೆ. ಶಾಲೆಯ ಗೇಟಿನೊಳಗೆ ಟೇಬಲ್ಲು ಹಾಕಿಸಿಕೊಂಡು ಕೂತೆ. ಅವ್ವ ನನ್ನ ಪಕ್ಕದ ಕುರ್ಚಿಯಲ್ಲಿ, ರಸ್ತೆಗೆ ಮುಖ ಮಾಡಿ. ಗಂಡಸರು ಬರುತ್ತಿದ್ದಂತೆ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಎಲ್ಲ ಒಂದೇ ಉಸಿರಿಗೆ ಹೇಳಿ ಬಿಲ್ಲೆ ಸಿಕ್ಕಿಸಿಕೊಂಡು ಹೋಗುತ್ತಿದ್ದರು. ಹೆಂಗಸರದು ಬೇರೆ ರೀತಿ. ಕೇಳಿದೊಡನೆ ಅಕ್ಕಿಯ ಹೆಸರು ಹೇಳುವರು. ಸಾಲಿ ಹೆಸರೇನ್ರಿ ಅಕ್ಕಾರ ಎಂದು ನಾನು ಕೇಳಿದರೆ ತಡವರಿಸುವರು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು, ತಮ್ಮದಲ್ಲವೇನೋ ಎಂಬಂತೆ ಆ ಹೆಸರನ್ನು ಮೆಲ್ಲಗೆ ಹೇಳುವರು. ಒಬ್ಬಾಕೆಗೆ ಹೇಳುತ್ತ ಹೇಳುತ್ತ ಕಣ್ಣಲ್ಲಿ ನೀರು ಬಂತು. ಅವರಿಗೆ ಬೇಕಾದದ್ದು ಸ್ವಲ್ಪ ಹೊತ್ತು, ಅಷ್ಟೇ. ನಾನು ಕೊಡುತ್ತಿದ್ದೆ. ಒಳಗೆ ಊರಿನ ಮಗಳೆಂದು ಒಬ್ಬೊಬ್ಬರನ್ನೂ ಮಣೆಯ ಮೇಲೆ ಕೂರಿಸಿ ಉಡಿ ತುಂಬುತ್ತಿದ್ದರು.

ಅವ್ವ ಪ್ರತಿ ಆಟೋ, ಪ್ರತಿ ಜೀಪು ನಿಂತಾಗಲೂ ಕುರ್ಚಿಯಿಂದ ಅರ್ಧ ಏಳುತ್ತಿದ್ದಳು. ಗೆಳತಿಯನ್ನು ಈಗ ನೋಡಿದರೆ ಗುರುತು ಸಿಗುತ್ತದೆಯೇ ಎಂದು ಕೇಳಿದೆ. ನಡಿಗೆ ಬದಲಾಗಿರುವುದಿಲ್ಲ ಎಂದಳು. ಬಿಸಿಲು ಏರುತ್ತಿದ್ದಂತೆ ಅವಳ ಮುಖ ಬಾಡಿತು. ಮಾತಾಡುವುದನ್ನು ಬಿಟ್ಟು ಕೆನ್ನೆ ಹಿಡಿದುಕೊಂಡಳು. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಹೋಗಿರಲಿಲ್ಲ. ಗುಳಿಗೆ ಕೊಡಬೇಕು, ಅದಕ್ಕೂ ಮೊದಲು ಸ್ವಲ್ಪ ಹಾಲಾದರೂ ಕುಡಿಸಬೇಕು. ಎದ್ದು ಬರಲು ಅವಳು ಒಪ್ಪಲಿಲ್ಲ. ಕಡೆಗೆ ನಾನು ಗದರಿಸಿಯೇ ಎಬ್ಬಿಸಿದೆ.

ಟೇಬಲ್ಲಿಗೆ ಯಾರಾದರೂ ಬೇಕಲ್ಲ. ಅವ್ವನ ವರ್ಗದವರೇ ಆದ ಒಬ್ಬ ನಿವೃತ್ತ ಬಸ್ ಕಂಡಕ್ಟರು ತಾವಾಗಿ ಬಂದು ಕೂತರು. ಬೆರಳುಗಳು ಚುರುಕಾಗಿದ್ದವು, ಮಂದಿಯನ್ನು ಸಾಲು ಹಚ್ಚಿಸುವುದು ಅವರಿಗೆ ಕೈಬಂದ ಕೆಲಸ. ಎರಡು ಮೂರು ಹೆಸರು ಹೊಡೆದು ತೋರಿಸಿದರು, ಸರಿಯಾಗಿತ್ತು. ಹೆಣ್ಣುಮಕ್ಕಳಿಗೆ ತವರಿನ ಹೆಸರು ಕೇಳಬೇಕು ಕಾಕಾ ಎಂದು ಹೇಳಿಯೇ ಎದ್ದೆ. ಆಯಿತೆಂದು ತಲೆಯಾಡಿಸಿದರು. ಅಷ್ಟರಲ್ಲಿ ಒಂದು ಟೆಂಪೋ ಬಂದು ನಿಂತು ಮಂದಿ ಇಳಿಯತೊಡಗಿತು.

ಅಡುಗೆಯವರ ಹತ್ತಿರ ಹಾಲು ಕಾಸಿಸಿ, ಆರಿಸಿ, ಚಮಚದಿಂದ ಕುಡಿಸಿ, ಗುಳಿಗೆ ನುಂಗಿಸಿ, ಅವಳನ್ನು ಒಂದು ವರ್ಗದ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕೂರಿಸಿ ಬರುವಷ್ಟರಲ್ಲಿ ಟೇಬಲ್ಲಿನ ಮುಂದೆ ಯಾರೂ ಇರಲಿಲ್ಲ. ಕಂಡಕ್ಟರು ಬಿಲ್ಲೆಗಳನ್ನು ಟಿಕೆಟ್ಟಿನಂತೆ ಜೋಡಿಸುತ್ತ ಕೂತಿದ್ದರು. ಎಲ್ಲ ಸುಸೂತ್ರವಾಗಿ ನಡೆಯಿತು ಎಂದರು. ಪರದೆ ನೋಡಿದೆ. ಮೇಲಿನಿಂದ ಹೆಸರುಗಳು, ಪ್ರತಿಯೊಂದರ ಕೆಳಗೂ ಬನ್ನಿ, ಬನ್ನಿ. ನಡುವೆ ಒಂದು ಹೆಸರು ನನ್ನ ಪಟ್ಟಿಯಲ್ಲಿಲ್ಲದ್ದು, ಹೆಣ್ಣಿನ ಹೆಸರು. ಅದರ ಕೆಳಗೆ ನಾನು ಬರೆದ ಎರಡು ಸಾಲು ಹಾಗೇ ನಿಂತಿದ್ದವು.

ಇದು ಯಾರು ಎಂದು ಕೇಳಿದೆ.

"ಯಾರೋ ಹೆಣ್ಣಮಗಳು ತಂಗಿ. ಒಬ್ಬಾಕಿನ ಬಂದಿದ್ಲು. ಹೆಸರ ಕೇಳಿದ್ನಿ, ಹೇಳಿದ್ಲು. ಹೊಡದ ನೋಡಿ, ಇಲ್ರಿ ಬಾಯಾರ, ನಿಮ್ಮದು ಬ್ಯಾರೆ ವರ್ಸದ್ದ ಇರಬೇಕು ಅಂದ್ನಿ."

"ಅದಕ್ಕ ಏನಂದ್ರು?"

"ಇರಂಗಿಲ್ಲ ಬಿಡ್ರಿ ಅಂದ್ಲು. ಹ್ವಾದ್ಲು."

ನಾನು ಎರಡನೆಯ ಸಾಲಿನ ಮೇಲೆ ಬೆರಳಿಟ್ಟೆ. ಅವರು ಕಿಸೆಯಿಂದ ಕನ್ನಡಕ ತೆಗೆದು ಹಾಕಿಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಓದಿ ಮುಗಿಸಿ ನನ್ನ ಮುಖ ನೋಡಿದರು. ಮೊದಲ ಸಾಲು ಓದಿ ತಲೆ ಎತ್ತಿದ್ದೆ, ಹಿಂದೆ ಟೆಂಪೋದ ಮಂದಿ ನಿಂತಿತ್ತು ಎಂದರು. ಅವರನ್ನು ಬೈಯಲು ಬಾಯಿ ಬರಲಿಲ್ಲ. ಆಯುಷ್ಯವಿಡೀ ಪಾಸಿಲ್ಲ ಅಂದರೆ ಇಳಿಯಿರಿ ಎಂದು ಹೇಳಿದ ಮನುಷ್ಯ. ಆ ಹೆಂಗಸಾದರೂ ಒಂದು ಮಾತು ಎದುರಾಡಬಾರದಿತ್ತೆ, ನಾನು ಕಂಪೌಂಡರನ ಮಗಳು ಎನ್ನಬಾರದಿತ್ತೆ ಎಂದು ನನಗೆ ಅವಳ ಮೇಲೂ ಸಿಟ್ಟು ಬಂತು. ಇಲ್ಲ ಅಂದವರ ಮಾತನ್ನು ಅಷ್ಟು ಸಲೀಸಾಗಿ ನಂಬಲು ಇವರಿಗೆ ಯಾರು ಕಲಿಸಿದರು?

ಕಂಡಕ್ಟರೇ ಮೊದಲು ಎದ್ದರು. ಅವರನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ. ವಿಜಯಪುರದ ಬಸ್ಸು ಈಗಷ್ಟೇ ಬಿಟ್ಟಿತು ಎಂದರು ಅಲ್ಲಿದ್ದವರು. ಬಬಲೇಶ್ವರದ ಕಡೆಗೂ ಒಂದು ಜೀಪು ಹೋಗಿತ್ತು, ಅಥಣಿಯ ಕಡೆಗೂ ಒಂದು ಬಸ್ಸು ಹೋಗಿತ್ತು. ಯಾವುದರ ಬೆನ್ನು ಹತ್ತುವುದು? ಸೊಲ್ಲಾಪುರದ ಕಡೆಗೆ ಹೋಗುವವಳು ವಿಜಯಪುರಕ್ಕೇ ಹೋಗಬೇಕು ಎಂದು ಅಂದಾಜು ಕಟ್ಟಿ ಅದೇ ದಾರಿ ಹಿಡಿದೆ. ದ್ರಾಕ್ಷಿ ತೋಟ, ಒಣದ್ರಾಕ್ಷಿಯ ಶೆಡ್ಡು, ಮತ್ತೆ ದ್ರಾಕ್ಷಿ ತೋಟ, ದಾರಿ ಮುಗಿಯಲೊಲ್ಲದು. ಹಿಂದೆ ಕೂತ ಕಂಡಕ್ಟರು ಬಸ್ಸು ಇಂಥಲ್ಲಿ ನಿಲ್ಲುತ್ತದೆ, ಇಂಥಲ್ಲಿ ನಿಲ್ಲುವುದಿಲ್ಲ ಎಂದು ಕಿವಿಯಲ್ಲಿ ಹೇಳುತ್ತಲೇ ಇದ್ದರು.

ತೊರವಿಯಲ್ಲಿ ಬಸ್ಸು ಸಿಕ್ಕಿತು. ನನ್ನ ಹಿಂದೆ ಕೂತಿದ್ದ ಕಂಡಕ್ಟರು ಇಳಿದು ಕೈ ಅಡ್ಡ ಹಾಕಿ ಅದನ್ನು ತಡೆದರು, ನಾನು ಮುಂದಿನ ಬಾಗಿಲಿಂದ ಹತ್ತಿದೆ. ಏನೆಂದು ಕೇಳುವುದು ಎಂಬ ಪ್ರಶ್ನೆ ಆಗ ಎದುರಾಯಿತು. ಅವಳ ಮುಖ ನಾನು ನೋಡಿರಲಿಲ್ಲ. ಗಟ್ಟಿಯಾಗಿ ಅವಳ ಶಾಲೆಯ ಹೆಸರು ಕೂಗಿದೆ. ಯಾರೂ ಅಲುಗಲಿಲ್ಲ. ಪರದೆಯ ಮೇಲೆ ಕಂಡ ಹೆಸರನ್ನೂ ಕೂಗಿದೆ. ಎಲ್ಲರೂ ನನ್ನನ್ನೇ ನೋಡಿದರು. ಮುಂದಿನ ಸೀಟಿನ ಮುದುಕಿಯೊಬ್ಬಳು, ಅಕಿ ಏನ ಕದ್ದಾಳಬೇ ಎಂದು ಕೇಳಿದಳು. ಏನಿಲ್ಲ ಎಂದು ಹೇಳಿ ಇಳಿದೆ. ಬಸ್ಸು ಹೊಗೆ ಬಿಟ್ಟು ಹೋಯಿತು, ನಾವು ಸ್ಕೂಟಿ ತಿರುಗಿಸಿದೆವು.

ಅವ್ವನಿಗೆ ಹೇಳಬೇಕೋ ಬೇಡವೋ ಎಂದು ವಾಪಸು ದಾರಿಯುದ್ದಕ್ಕೂ ತಲೆ ಕೆಡಿಸಿಕೊಂಡೆ. ಕಂಡಕ್ಟರು ನನ್ನನ್ನು ಕೇಳಲಿಲ್ಲ. ನೇರ ಕೋಣೆಗೆ ಹೋಗಿ ಅವ್ವನ ಎದುರು ನೆಲದ ಮೇಲೆ ಕೂತು, ಆದದ್ದನ್ನೆಲ್ಲ ತಮ್ಮ ಮೇಲೇ ಹಾಕಿಕೊಂಡು ಹೇಳಿದರು. ಅವ್ವ ಬೈಯಲಿಲ್ಲ. ಯಾವ ಬಣ್ಣದ ಸೀರೆ ಉಟ್ಟಿದ್ದಳು ಎಂದು ಕೇಳಿದಳು. ಅವರಿಗೆ ನೆನಪಿರಲಿಲ್ಲ. ಕೂದಲು ಹಣ್ಣಾಗಿದೆಯೇ ಎಂದು ಕೇಳಿದಳು. ಸೆರಗು ಹೊದ್ದಿದ್ದಳು ಎಂದರು. ಏನು ಹೆಸರು ಹೇಳಿದಳು ಎಂದು ನನ್ನ ಕಡೆ ತಿರುಗಿದಳು. ನಾನು ಹೇಳಿದೆ. ಅವ್ವ ಆ ಹೆಸರನ್ನು ಒಂದೆರಡು ಸಲ ಬಾಯಲ್ಲಿ ತಿರುಗಿಸಿ ನೋಡಿದಳು.

"ಈ ಹೆಸರು ಅಕಿಗಿ ಒಪ್ಪೂದಿಲ್ಲ," ಎಂದಳು.

ಅವಳೇ ಎಂದು ಹೇಗೆ ಹೇಳುತ್ತೀ, ಊಟಕ್ಕೆ ಬಂದ ಯಾರೋ ಇರಬಹುದು ಎಂದು ನಾನು ಸಮಾಧಾನ ಹೇಳಿದೆ. ನನಗೇ ಸಮಾಧಾನವಿರಲಿಲ್ಲ. ಸಂಜೆ ಫೈಲು ತೆಗೆದು ಬಂದವರ ಮುಂದೆಲ್ಲ ಗುರುತು ಹಾಕಿದೆ. ಸತ್ತವರ ಸುದ್ದಿ ಬಂದಿತ್ತು, ಬಾರದವರು ಫೋನು ಮಾಡಿ ತಿಳಿಸಿದ್ದರು. ಗುರುತಿಲ್ಲದೆ ಉಳಿದದ್ದು ಒಂದೇ ಸಾಲು, ಕಂಪೌಂಡರನ ಮಗಳದು. ಹೆಸರಿದ್ದೂ ಬಾರದವಳು ಒಬ್ಬಳು, ಬಂದೂ ಹೆಸರಿಲ್ಲದವಳು ಒಬ್ಬಳು. ಇಬ್ಬರೂ ಒಬ್ಬಳೇ ಎಂದು ಗಟ್ಟಿಯಾಗಿ ಹೇಳಲು ಇಂದಿಗೂ ನನ್ನ ಬಳಿ ಆಧಾರವಿಲ್ಲ. ಹೊರಡುವಾಗ ಅವ್ವ ಗೆಳತಿಯ ಪಾಲಿನ ಉಡಿಯನ್ನೂ ಕೇಳಿ ಸೆರಗಿನಲ್ಲಿ ಕಟ್ಟಿಕೊಂಡಳು. ಅಧ್ಯಕ್ಷರೇ ಒಳಗಿಂದ ತಂದು ಕೊಟ್ಟರು.

ಉಳಿದ ಆ ಕೆಲವು ದಿನ ನಾನು ಹುಡುಕದ ಜಾಗವಿಲ್ಲ. ಈಗ ಅಕ್ಕಿಯ ಹೆಸರು ಸಿಕ್ಕಿತ್ತಲ್ಲ. ವಾಟ್ಸಾಪಿನ ಗುಂಪುಗಳಲ್ಲೆಲ್ಲ ಹಾಕಿದೆ, ಇಂಡಿ, ಝಳಕಿ, ಸೊಲ್ಲಾಪುರ, ಎಲ್ಲೆಲ್ಲಿ ಪರಿಚಯದವರಿದ್ದರೋ ಅಲ್ಲಿಗೆಲ್ಲ ಕಳಿಸಿದೆ. ಮೊದಲು ಒಬ್ಬಳೂ ಸಿಗದ ಸಂಕಟ, ಈಗ ಊರಿಗೊಬ್ಬಳು ಸಿಗುವ ಸಂಕಟ. ಆ ಹೆಸರು ಅಷ್ಟು ಸಾಮಾನ್ಯವಾದದ್ದು. ಯಾರೋ ನಂಬರು ಕೊಟ್ಟರೆಂದು ಫೋನು ಮಾಡಿ, ನಿಮ್ಮ ತವರಿನ ಹೆಸರೇನು ಎಂದು ಕೇಳಿದರೆ, ಓಟಿಪಿ ಕೇಳುವ ಕಳ್ಳರು ಎಂದು ಬೈದು ಇಟ್ಟುಬಿಡುತ್ತಿದ್ದರು. ತಪ್ಪಲ್ಲ, ನನಗೆ ಯಾರಾದರೂ ಹಾಗೆ ಕೇಳಿದ್ದರೆ ನಾನೂ ಬೈಯುತ್ತಿದ್ದೆ. ಒಬ್ಬಾಕೆ ಮಾತ್ರ ಪೂರ್ತಿ ಕೇಳಿಸಿಕೊಂಡು, ನಾನು ಅವಳಲ್ಲ, ಆದರೆ ನನ್ನನ್ನೂ ಯಾರಾದರೂ ಹುಡುಕುತ್ತಿದ್ದರೆ ತಿಳಿಸಿ ಎಂದಳು. ಅವಳ ತವರಿನ ಹೆಸರನ್ನೂ ಬರೆದಿಟ್ಟುಕೊಂಡೆ.

ಅವ್ವ ಕೇಳುತ್ತಿದ್ದದ್ದು ಒಂದೇ, ಏನಾದರೂ ಸುದ್ದಿ ಬಂತೇ. ಬಂದಿಲ್ಲ ಎಂದರೆ, ಬಿಡು ಎನ್ನುವಳು. ಸ್ವಲ್ಪ ಹೊತ್ತಿಗೆ ಮತ್ತೆ ಕೇಳುವಳು. ನೋವು ಹೆಚ್ಚಾಗಿತ್ತು, ಮಾತು ತಾನಾಗಿಯೇ ಕಡಿಮೆಯಾಗಿತ್ತು. ಡಾಕ್ಟರನ್ನು ಕೇಳಿ ಇನ್ನೊಂದು ವಾರ ತಡೆಯೋಣವೇ ಎಂದೂ ಒಮ್ಮೆ ಅಂದೆ. ತಮ್ಮ ನನ್ನನ್ನು ದುರುಗುಟ್ಟಿ ನೋಡಿದ. ಅವನು ಹೇಳದಿದ್ದರೂ ಅದು ಸರಿಯಲ್ಲವೆಂದು ನನಗೆ ಗೊತ್ತಿತ್ತು.

ಆಪರೇಶನ್ನಿನ ದಿನ ಬೆಳಿಗ್ಗೆ ವಾರ್ಡಿನಲ್ಲಿ ಅವ್ವನಿಗೆ ಹಸಿರು ಬಟ್ಟೆ ತೊಡಿಸಿದರು. ಬಳೆ ಬಿಚ್ಚಿ ನನ್ನ ಕೈಗೆ ಕೊಟ್ಟರು. ನರ್ಸು ಕಾಗದ ನೋಡಿ ಹೆಸರು ಕರೆದಳು, ಅಕ್ಕಿಯ ಹೆಸರು. ಅವ್ವ ಹ್ಞೂಂ ಎಂದಳು. ಗಾಡಿಯ ಮೇಲೆ ಮಲಗಿಸಿ ತಳ್ಳಿಕೊಂಡು ಹೊರಟರು. ತಮ್ಮ ಒಂದು ಬದಿ, ನಾನು ಕಾಲಿನ ಬದಿ. ಥಿಯೇಟರಿನ ಬಾಗಿಲಿನ ಹತ್ತಿರ, ಇನ್ನು ಮುಂದೆ ಬರಬೇಡಿ ಎಂದರು. ಗಾಡಿ ಮುಂದೆ ಸರಿಯಿತು.

ಹೆತ್ತವಳ ಹೆಸರು ಹಿಡಿದು ಕರೆಯುವುದು ನಮ್ಮಲ್ಲಿಲ್ಲ. ಕರೆದರೆ ಆಯುಷ್ಯ ಕಡಿಮೆಯಾಗುತ್ತದೆ ಎನ್ನುತ್ತಾರೆ. ನಾನು ಅಲ್ಲಿಯವರೆಗೆ ಅರ್ಜಿಗಳ ಮೇಲೆ ಬರೆದಿದ್ದೆನೇ ಹೊರತು ಬಾಯಿಂದ ಅಂದಿರಲಿಲ್ಲ. ಆ ಹೊತ್ತಿಗೆ ನನಗೆ ಬೇರೆ ಏನೂ ತೋಚಲಿಲ್ಲ. ಒಬ್ಬರಾದರೂ ಕರೆಯಲಿ, ಅವಳು ಓ ಎನ್ನಲಿ ಎಂದಷ್ಟೇ ಇತ್ತು. ಅವಳ ಶಾಲೆಯ ಹೆಸರನ್ನು, ತಿಕೋಟಾದ ಓಣಿಯಲ್ಲಿ ಸಣ್ಣ ಹುಡುಗಿಯನ್ನು ಕೂಗುವ ಹಾಗೆ, ಗಟ್ಟಿಯಾಗಿ ಕೂಗಿದೆ.

ಅವ್ವ ಗಕ್ಕನೆ ತಲೆ ಎತ್ತಿದಳು. ಅಷ್ಟು ದಿನಗಳಲ್ಲಿ ಅವಳ ಮುಖ ಹಾಗೆ ಅರಳಿದ್ದನ್ನು ನಾನು ನೋಡಿರಲಿಲ್ಲ. ಅವಳು ನನ್ನನ್ನು ನೋಡಲಿಲ್ಲ. ನನ್ನ ಭುಜದಾಚೆಗೆ, ನಾವು ಬಂದ ಓಣಿಯಂಥ ಉದ್ದ ಹಾದಿಯ ಕಡೆ ಕಣ್ಣು ಹಾಯಿಸಿದಳು. ಅಲ್ಲಿ ಚಹಾದ ಕೆಟಲ್ ಹಿಡಿದ ಒಬ್ಬ ಮನುಷ್ಯ ಬರುತ್ತಿದ್ದ, ಮತ್ತೆ ಯಾರೂ ಇರಲಿಲ್ಲ.

"ಬಂದ್ಲೇನ?" ಎಂದಳು.

ಅವಳ ಬಾಯಿಂದ ನಾನು ಸ್ಪಷ್ಟವಾಗಿ ಕೇಳಿದ ಕೊನೆಯ ಮಾತು ಅದು. ಹೌದು ಅನ್ನಲೋ ಇಲ್ಲ ಅನ್ನಲೋ ತಿಳಿಯದೆ ನಾನು ನಿಂತಿದ್ದೆ. ಅಷ್ಟರಲ್ಲಿ ಗಾಡಿಯನ್ನು ಒಳಗೆ ತಳ್ಳಿಕೊಂಡು ಹೋದರು.